ಲಿವರ್ ಕ್ಯಾನ್ಸರ್: ‘ಜೀನ್’ ಎಂದರೆ ಮನೆತನದ ದೋಷವಲ್ಲ

ಒಂದು ದಿನ ಅಸರ್ ನಮಾಝ್ ಮುಗಿಸಿ ಕೂತಿದ್ದೆ. ಶಿವಾಜಿನಗರದ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿರುವ ನಮ್ಮೂರಿನ ಯುವಕನೊಬ್ಬ ಬಂದು ಪಕ್ಕದಲ್ಲಿ ಕೂತ. ಅವನ ಉಪ್ಪಾಗೆ ಲಿವರ್ ಕ್ಯಾನ್ಸರ್. “ಉಸ್ತಾದ್, ಉಪ್ಪ ಒಂದು ತೊಟ್ಟು ಕುಡಿದವರಲ್ಲ. ಜನ ಏನು ಅಂದುಕೊಳ್ತಾರೆ? ಡಾಕ್ಟರು ಜೀನ್ ಅಂತೆಲ್ಲ ಹೇಳ್ತಿದ್ದಾರೆ. ತಂಗಿಗೆ ಗಂಡು ನೋಡ್ತಾ ಇದ್ದೇವೆ. ವಂಶದ ರೋಗ ಅಂತ ಸುದ್ದಿ ಹಬ್ಬಿದ್ರೆ?”

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಈ ಎರಡು ಭಯ ನಮ್ಮ ಎಷ್ಟೋ ಮನೆಗಳಲ್ಲಿವೆ.

ಲಿವರ್ ಕ್ಯಾನ್ಸರ್ ಕುಡುಕರಿಗೆ ಮಾತ್ರ ಬರುವುದಲ್ಲ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಬೂಷ್ಟು ಹಿಡಿದ ನೆಲಗಡಲೆ, ಜೋಳದಲ್ಲಿರುವ ಅಫ್ಲಾಟಾಕ್ಸಿನ್ ವಿಷ, ಇವೂ ಕಾರಣ.

ಇನ್ನು ಜೀನ್. ಮಗು ಪುಸ್ತಕ ನೋಡಿ ಬರೆಯುವಾಗ ತಪ್ಪು ಮಾಡಿದರೆ ತಪ್ಪಿರುವುದು ಅದರ ನೋಟ್‌ಬುಕ್ಕಿನಲ್ಲಿ, ಪುಸ್ತಕದಲ್ಲಲ್ಲ. ಗೆಡ್ಡೆಯೊಳಗಿನ ಜೀನ್ ದೋಷಗಳೂ ಹೆಚ್ಚಾಗಿ ಹಾಗೆಯೇ. ಬದುಕಿನ ನಡುವೆ ಲಿವರಿನ ಜೀವಕೋಶಗಳಲ್ಲಿ ಆದ ಹಾನಿ ಅದು, ಮಕ್ಕಳಿಗೆ ಹೋಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ತನ್ನ ಡಿಎನ್‌ಎಯನ್ನು ನಮ್ಮ ಡಿಎನ್‌ಎಯೊಳಗೆ ಸೇರಿಸಿಬಿಡುತ್ತದೆ. ಅಫ್ಲಾಟಾಕ್ಸಿನ್, ಕ್ಯಾನ್ಸರ್ ತಡೆಯುವ ಪಿ53 ಎಂಬ ಜೀನಿನ ಒಂದು ನಿರ್ದಿಷ್ಟ ಜಾಗವನ್ನೇ ಕೆಡಿಸುತ್ತದೆ. 1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕಾ ಕಡೆಯ ರೋಗಿಗಳ ಗೆಡ್ಡೆಗಳಲ್ಲಿ ವಿಜ್ಞಾನಿಗಳು ಈ ಗುರುತನ್ನು ಕಂಡರು.

ರೋಗದ ಜೋರು ತಿಳಿಯಲೂ ಜೀನ್ ಸಹಾಯಕ್ಕೆ ಬರುತ್ತದೆ. ಎಎಫ್‌ಪಿ ಎಂಬ ಪ್ರೋಟೀನ್ ತಯಾರಿಸುವ ಜೀನ್ ಗರ್ಭದ ಶಿಶುವಿನಲ್ಲಿ ಚುರುಕಾಗಿದ್ದು, ಹುಟ್ಟಿದ ಮೇಲೆ ಬಹುತೇಕ ಸುಮ್ಮನಾಗುತ್ತದೆ. ಕ್ಯಾನ್ಸರ್ ಅದನ್ನು ಮತ್ತೆ ಎಬ್ಬಿಸಬಹುದು. ಕ್ಯಾನ್ಸರ್ ಇರುವವರ ರಕ್ತದಲ್ಲಿ ಅದು 400 ದಾಟಿದರೆ ರೋಗ ಜೋರಾಗಿದೆ ಎಂದು ಡಾಕ್ಟರುಗಳು ಎಚ್ಚರವಾಗುತ್ತಾರೆ.

ಗೆಡ್ಡೆ ಬೆಳೆಸುವ ಸಂದೇಶಗಳನ್ನು ತಡೆಯುವ ಔಷಧಿಗಳೂ ಇವೆ. ಸೊರಾಫೆನಿಬ್ ಅಂಥದ್ದು. ಅದರ ಒಂದು ತಿಂಗಳ ಬೆಲೆ ಸುಮಾರು 2.80 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೊ ಕಂಪೆನಿಗೂ ಅದನ್ನು ತಯಾರಿಸಲು ಲೈಸೆನ್ಸ್ ಕೊಟ್ಟು, ಬೆಲೆಯನ್ನು ಸುಮಾರು 8,800 ರೂಪಾಯಿಗೆ ಮಿತಿಗೊಳಿಸಿತು. ಆದರೆ ರೋಗ ಬಲಿತವರಿಗೆ ಅದರಿಂದ ಸಿಕ್ಕಿದ್ದು ಸರಾಸರಿ ಮೂರು ತಿಂಗಳಷ್ಟು ಹೆಚ್ಚಿನ ಆಯುಸ್ಸು. ಹಾಗಾಗಿ ಬೇಗ ಗೊತ್ತಾಗುವುದೇ ಮುಖ್ಯ.

ಜೀನ್ ದೋಷ ದಾಟದಿದ್ದರೂ ವೈರಸ್ ದಾಟುತ್ತದೆ. ಹೆರಿಗೆಯಲ್ಲಿ ಉಮ್ಮನಿಂದ ಮಗುವಿಗೆ, ರಕ್ತದಿಂದ, ದಾಂಪತ್ಯದಿಂದ, ಹಂಚಿಕೊಂಡ ಬ್ಲೇಡಿನಿಂದ. ಒಂದೇ ತಳಿಗೆಯಲ್ಲಿ ಉಂಡರೆ ಹರಡದು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕಿಸಬೇಕು. 2018ರಿಂದ ಕೇಂದ್ರ ಸರಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ತಪಾಸಣೆ, ಔಷಧಿ ಉಚಿತ. ಶಿವಾಜಿನಗರದವರಿಗೆ ಬೌರಿಂಗ್ ಸರಕಾರಿ ಆಸ್ಪತ್ರೆ ಕಾಲ್ನಡಿಗೆಯ ದೂರ, ಹೋಗಿ ವಿಚಾರಿಸಿ. ಕ್ಯಾನ್ಸರ್ ಚಿಕಿತ್ಸೆಗೆ ಕಿದ್ವಾಯಿ ಇದೆ.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೆ: ಅಡಗಿಸಬೇಡ, ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸು. ಮಾಡಿಸಿದ. ಉಮ್ಮ, ತಂಗಿಗೆ ಏನೂ ಇಲ್ಲ. ಇಬ್ಬರೂ ಲಸಿಕೆ ಹಾಕಿಸಿಕೊಂಡರು. ವೈರಸ್ ಇರುವುದು ಅವನಿಗೇ. ಲಿವರ್ ಇನ್ನೂ ಚೆನ್ನಾಗಿದೆ, ಡಾಕ್ಟರು ಹೇಳಿದಂತೆ ತಪಾಸಣೆಗೆ ಹೋಗುತ್ತಿದ್ದಾನೆ. “ಅಡಗಿಸಿದ್ದರೆ ನನಗೂ ಗೊತ್ತಾಗ್ತಿರಲಿಲ್ಲ ಉಸ್ತಾದ್” ಅಂದ.