ಕೈದೀಪಗಳ ಕುಣಿತ

ನೃತ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುವು ನರ್ತಕರ ಮುಖಭಾವ, ವೇಷಭೂಷಣಗಳು. ಇವೆರಡೂ ಕಾಣದಂತೆ, ಕೈಯಲ್ಲಿ ಹಿಡಿದ ದೀಪಗಳಿಂದಲೇ ಸಮೂಹನೃತ್ಯವೊಂದನ್ನು ರಚಿಸಬಹುದೆ? ಈ ಸಲದ ವಾರ್ಷಿಕೋತ್ಸವಕ್ಕಾಗಿ ನಾವು ಹನ್ನೆರಡು ಮಂದಿ ಕೈಗೊಂಡ ಪ್ರಯತ್ನದಿಂದ ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಕಲ್ಪನೆ ಹೊಸದಲ್ಲ. ಹಿಂದೆ ಯಕ್ಷಗಾನದ ರಂಗಸ್ಥಳಕ್ಕೆ ದೀವಟಿಗೆಗಳೇ ಬೆಳಕು. ಆದರೆ ಅಲ್ಲಿ ಬೆಳಕು ವೇಷಧಾರಿಯನ್ನು ತೋರಿಸುವುದಕ್ಕಾಗಿ. ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತಿನ ರೀತಿಯೇ ಬೇರೆ. ಪಂಜು ಹಿಡಿದ ಪೊಲೀಸರು ಕತ್ತಲೆಯಲ್ಲಿ ಚಿತ್ತಾರಗಳನ್ನೂ ಅಕ್ಷರಗಳನ್ನೂ ಮೂಡಿಸುತ್ತಾರೆ. ಅಲ್ಲಿ ಯಾರ ಮುಖವೂ ಕಾಣದು. ಕಾಣುವುದು ಎಲ್ಲರೂ ಸೇರಿ ಬರೆದ ಆಕೃತಿ. ನಮಗೆ ಬೇಕಾಗಿದ್ದುದು ಇದೇ.

ಕಂಡ ಬೆಳಕಿನ ಅಚ್ಚು ಕಣ್ಣಿನಲ್ಲಿ ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಕಾಲ ಉಳಿಯುತ್ತದೆ. ಆದ್ದರಿಂದ ವೇಗವಾಗಿ ಬೀಸಿದ ದೀಪ ಗೆರೆಯಾಗಿ ಕಾಣುತ್ತದೆ. ನಿಧಾನವಾಗಿ ಸಾಗಿದ್ದು ಚುಕ್ಕೆಯಾಗಿಯೇ ಇರುತ್ತದೆ. ಈ ಚುಕ್ಕೆ ಗೆರೆಗಳೇ ನಮ್ಮ ರಂಗವಲ್ಲಿ.

ಸಾಧನಗಳಿಗಾಗಿ ನಾವು ದೂರ ಹೋಗಲಿಲ್ಲ. ರಾತ್ರಿ ತೋಟಕ್ಕೆ ನೀರು ಹಾಯಿಸಲು ಒಯ್ಯುವ ಬ್ಯಾಟರಿಗಳು ಮಾಯಸಂದ್ರದ ಸುತ್ತ ಮನೆಮನೆಯಲ್ಲಿವೆ. ಅವುಗಳ ಬೆಳಕು ಮುಖದ ಮೇಲೂ ಚೆಲ್ಲುತ್ತಿತ್ತು. ಆಗ ತೆಂಗಿನ ಕರಟವನ್ನು ಮುಚ್ಚಳವಾಗಿ ಕಟ್ಟಿ, ಅದರ ಮೂರು ಕಣ್ಣುಗಳಲ್ಲಿ ಮೆತ್ತನೆಯದೊಂದನ್ನು ತೂತು ಮಾಡಿ, ಒಳಗೆ ಬಣ್ಣದ ಕಾಗದವಿಟ್ಟೆವು.

ಆದರೂ ಮೊದಲ ಅಭ್ಯಾಸ ನಿಷ್ಫಲವಾಯಿತು. ಎಲ್ಲರೂ ಏಕಕಾಲಕ್ಕೆ ಬೀಸಿದ್ದರಿಂದ ನೋಡುಗರಿಗೆ ಕಂಡದ್ದು ಮಿಣುಕುಹುಳುಗಳ ಗಲಿಬಿಲಿ. ಇಬ್ಬರು ಡಿಕ್ಕಿ ಹೊಡೆದು ಬಿದ್ದರು.

ದಾರಿ ತೋರಿದವರು ನನ್ನ ತಾತ. ಊರ ಜಾತ್ರೆಯಲ್ಲಿ ಸೋಮನ ಕುಣಿತದ ಮುಂದೆ ಪಂಜು ಹಿಡಿಯುವುದು ಅವರ ಕೆಲಸವಾಗಿತ್ತು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತಾತನ ಕೆಲಸವನ್ನು ಸಹಪಾಠಿಗಳಿಂದ ಇಷ್ಟು ದಿನ ಮರೆಮಾಡಿದ್ದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅವರೆಂದರು: “ಎಲ್ಲಾ ಪಂಜೂ ಆಡಿದ್ರೆ ಸೋಮ ಕಾಣಾಕಿಲ್ಲ. ಒಂದು ಆಡ್ಬೇಕು, ಮಿಕ್ಕವು ನಿಲ್ಬೇಕು. ಕುಣಿಯೋನು ಎಲ್ಲವ್ನೆ ಅಂತಲ್ಲ, ಎಲ್ಲಿಗೆ ಹೋಯ್ತಾನೆ ಅಂತ ನೋಡಿ ಹಿಡೀಬೇಕು.”

ಈ ಮಾತಿನಿಂದ ನಮ್ಮ ನಿಯಮಗಳು ಹುಟ್ಟಿದುವು. ಒಮ್ಮೆಗೆ ಮೂರಕ್ಕಿಂತ ಹೆಚ್ಚು ದೀಪಗಳು ಚಲಿಸಬಾರದು. ಇಬ್ಬರು ದಾಟುವಾಗ ಒಂದು ದೀಪ ಭುಜದ ಮಟ್ಟದಲ್ಲಿ, ಇನ್ನೊಂದು ಮೊಣಕಾಲಿನ ಮಟ್ಟದಲ್ಲಿ ಸಾಗಬೇಕು. ಬಲಕ್ಕೆ ಸರಿಯುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರಬೇಕು. ದೀಪವನ್ನು ಗುಂಡಿಯೊತ್ತಿ ಆರಿಸದೆ ಕರಟದ ಕಣ್ಣನ್ನು ಬೆರಳಿನಿಂದ ಮುಚ್ಚಬೇಕು. ತಮಟೆಯ ಪೆಟ್ಟಿಗೆ ಸರಿಯಾಗಿ ಕತ್ತಲಾಗುವುದು ಇದರಿಂದಲೇ. ಹಗಲಿನಲ್ಲಿ ಸುಣ್ಣದ ಗುರುತಿನ ಮೇಲೆ ಹೆಜ್ಜೆ ಎಣಿಸಿ, ಅನಂತರ ಕಣ್ಣು ಮುಚ್ಚಿ, ಕಡೆಗೆ ಕತ್ತಲೆಯಲ್ಲಿ ಅಭ್ಯಾಸ ಮಾಡಬೇಕು.

ಪ್ರದರ್ಶನದ ದಿನ ಸಭಾಂಗಣದ ಕಿಟಕಿಗಳಿಗೆ ಗೋಣಿತಾಟು ಕಟ್ಟಿದೆವು. ಮುಗಿದ ಮೇಲೆ ಅಮ್ಮ, “ನೀನು ಯಾವ ದೀಪ?” ಎಂದು ಕೇಳಿದರು. ಅದು ಗೊತ್ತಾಗದಿದ್ದುದೇ ನಮ್ಮ ಯಶಸ್ಸೆಂದು ವಿವರಿಸಿದೆ. ಆಕೆಗೆ ಸಮಾಧಾನವಾದಂತೆ ತೋರಲಿಲ್ಲ. ಪಕ್ಕದಲ್ಲಿದ್ದ ತಾತ ಮಾತ್ರ, “ಎಡಗಡೆಯಿಂದ ಮೂರನೇದು. ಕೈ ಒಸಿ ನಡುಗ್ತಿತ್ತು” ಎಂದರು.

ಕರಟಗಳನ್ನು ಕಾಲೇಜಿನಲ್ಲಿಯೇ ಇರಿಸಿದ್ದೇವೆ. ಮುಂದಿನ ವರ್ಷ ಈ ಪ್ರಯೋಗವನ್ನು ಮುಂದುವರಿಸುವ ಕಿರಿಯ ಮಿತ್ರರು, ಅಭ್ಯಾಸಕ್ಕೆ ಮೊದಲು, ತಮ್ಮ ಊರಿನ ಪಂಜಿನವರನ್ನು ಒಮ್ಮೆ ಕೇಳಲಿ.