ಬೂದಿಗುಂಟೆಯ ಬಿಲ್ಲೆ, ಬಾಣಂತಿಯ ನಿದ್ದೆ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಊರವರು ಬೂದಿಗುಂಟೆ ಎಂದು ಕರೆಯುತ್ತಿದ್ದ ದಿಬ್ಬವೊಂದಿತ್ತು. 2001ರಲ್ಲಿ ಪುರಾತತ್ವ ತಜ್ಞರು ಅದನ್ನು ಅಗೆದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷ ಹೊರಬಂತು. ಜೊತೆಗೆ ಯಾರೋ ಹರಕೆ ಒಪ್ಪಿಸಿದ್ದ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು ಸಿಕ್ಕವು. ಅವುಗಳ ಒಡಲಲ್ಲಿ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಗಂಗರು ಆಳುತ್ತಿದ್ದ ಕಾಲದ, ಹೆಚ್ಚುಕಡಿಮೆ ಒಂದೂವರೆ ಸಾವಿರ ವರ್ಷ ಹಳೆಯ ನೆಲೆ ಇದು.

ನಳಂದಾದಿಂದ ಜಾವಾದವರೆಗೆ ಬೌದ್ಧರು ಇಂಥ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಒತ್ತುತ್ತಿದ್ದದ್ದು ಒಂದೇ ವಿಚಾರ. ಹುಟ್ಟಿದ್ದಕ್ಕೆಲ್ಲ ಕಾರಣವಿದೆ, ಬುದ್ಧ ಆ ಕಾರಣವನ್ನು ಹೇಳಿದ್ದಾನೆ, ಅದು ಅಡಗುವ ಬಗೆಯನ್ನೂ ಹೇಳಿದ್ದಾನೆ. ಅಷ್ಟೇ. ಮಳೆ ಕೊಡು, ಮಗು ಕೊಡು ಎಂಬ ಬೇಡಿಕೆಯಿಲ್ಲ. ದೇವರ ಮುಂದೆ ಇಡುವ ಹರಕೆಯ ಒಡಲಿಗೆ ಕಾರ್ಯಕಾರಣದ ಸಿದ್ಧಾಂತವನ್ನು ತುಂಬಿದ ಜನರ ಬಗ್ಗೆ ನನಗೆ ಆಗಾಗ ಬೆರಗಾಗುತ್ತದೆ.

ಮನಸ್ಸಿನ ಕಾಯಿಲೆಯ ವಿಷಯಕ್ಕೆ ಬಂದಾಗ ನಮ್ಮ ಹಳ್ಳಿಗಳು ಕಾರಣ ಹುಡುಕುವುದಿಲ್ಲ, ಮೂಢನಂಬಿಕೆಗೆ ಬೀಳುತ್ತವೆ ಎಂದು ಪಟ್ಟಣದವರು ಹೇಳುವುದುಂಟು. ಇದು ತಪ್ಪು. ಹಳ್ಳಿಯಷ್ಟು ಕಾರಣ ಹುಡುಕುವವರು ಬೇರೆ ಯಾರೂ ಇಲ್ಲ. ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ, ಮನೆದೇವರಿಗೆ ಒಕ್ಕಲು ತಪ್ಪಿದೆ, ಗ್ರಹಚಾರ ಸರಿಯಿಲ್ಲ, ಇವೆಲ್ಲ ಕಾರಣಗಳೇ. 1970ರ ದಶಕದಲ್ಲಿ ಮನೋವೈದ್ಯರಾದ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ಮನೆಮನೆ ತಿರುಗಿ ಅಧ್ಯಯನ ಮಾಡಿದರು. ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿ ಎಲ್ಲರಿಗೂ ಅಲ್ಲಿ ಕೈತುಂಬ ಕೆಲಸವಿತ್ತು. ಜನ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತಿರಲಿಲ್ಲ, ಎಲ್ಲರ ಬಳಿಗೂ ಹೋಗುತ್ತಿದ್ದರು. ಈಗಲೂ ಹಾಗೆಯೇ.

ತೊಡಕು ಬೇರೆಡೆ ಇದೆ. ನಾವು ಕಾರಣ ಎಂದು ಹುಡುಕುವುದು ಬಹಳ ಸಲ ತಪ್ಪಿತಸ್ಥರನ್ನು. ಕಾಲಿಟ್ಟ ಸೊಸೆ, ಕಣ್ಣು ಹಾಕಿದ ನೆರೆಯಾಕೆ, ಇಲ್ಲವೇ ಕಾಯಿಲೆ ಬಿದ್ದವರೇ. ಪಟ್ಟಣದ ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಬುದ್ಧಿವಾದವೂ ಇದೇ ಜಾತಿಯದು. ನಿನ್ನ ಮನಸ್ಸು ಮೆತ್ತಗಿದೆ, ಅದಕ್ಕೇ ಹೀಗೆ ಎಂಬ ಆರೋಪ ಅದರೊಳಗಿದೆ. ಮಂತ್ರವಾದಿಯಾದರೂ ತಪ್ಪನ್ನು ಹೊರಗಿನವರ ತಲೆಗೆ ಕಟ್ಟುತ್ತಾನೆ. ಈ ಬುದ್ಧಿವಾದ ಅಷ್ಟು ದಯೆಯನ್ನೂ ತೋರುವುದಿಲ್ಲ.

ಬಾಣಂತಿ ಸನ್ನಿಯನ್ನೇ ನೋಡಿ. ಮಕ್ಕಳಾಗಲೆಂದು ನಾಗರಕಲ್ಲು ನಿಲ್ಲಿಸುವ ಘಾಟಿ ಸುಬ್ರಹ್ಮಣ್ಯ ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿದೆ. ಆ ಕಲ್ಲುಗಳ ಸಾಲು ನೋಡಿದರೆ ಮಗುವಿಗಾಗಿ ಜನ ಎಷ್ಟು ಹಂಬಲಿಸುತ್ತಾರೆ ಎಂಬುದು ತಿಳಿಯುತ್ತದೆ. ಮಗು ಬಂದ ಮೇಲೆ ಎಲ್ಲರ ಕಣ್ಣು ತೊಟ್ಟಿಲಿನ ಮೇಲೆ. ಹೆರಿಗೆಯಾಗಿ ಮೂರನೆಯ ದಿನವೋ ಐದನೆಯ ದಿನವೋ ತಾಯಿಗೆ ನಿದ್ದೆ ತಪ್ಪುತ್ತದೆ. ಮಗು ಅಳುತ್ತದೆಂದು ಏಳುವುದು ಬೇರೆ. ಇಲ್ಲಿ ಮಗು ಮಲಗಿದ್ದರೂ ಅವಳು ಕಣ್ಣು ಬಿಟ್ಟುಕೊಂಡೇ ಇರುತ್ತಾಳೆ. ಮಾತು ಹೆಚ್ಚುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ. ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ ಎನ್ನುತ್ತಾಳೆ. ಅತ್ತೆ ಕೊಟ್ಟ ಸಾರಿನಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುತ್ತಾಳೆ. ಸಂಜೆ ಸರಿಯಾಗಿದ್ದವಳು ರಾತ್ರಿ ಯಾರನ್ನೂ ಗುರುತಿಸುವುದಿಲ್ಲ. ಶೀತ ಗಾಳಿ ತಾಗಿತು, ತಣ್ಣೀರು ಮುಟ್ಟಿದಳು ಎಂದು ಮನೆಯವರು ಕಿವಿಗೆ ಹತ್ತಿ, ತಲೆಗೆ ಬಟ್ಟೆ ಬಿಗಿಯುತ್ತಾರೆ. ತವರಿನವರು ಅತ್ತೆಮನೆಯನ್ನೂ ಅತ್ತೆಮನೆಯವರು ತವರನ್ನೂ ದೂರುವುದು ಆಗಲೇ ಶುರುವಾಗುತ್ತದೆ.

ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ಹೆರಿಗೆಯೊಂದಿಗೆ ಹಾರ್ಮೋನುಗಳು ದಿಢೀರನೆ ಇಳಿಯುತ್ತವೆ, ನಿದ್ದೆ ಕೆಡುತ್ತದೆ. ಬೈಪೋಲಾರ್ ಕಾಯಿಲೆ ಮೊದಲೇ ಇದ್ದವರಿಗೆ, ತಾಯಿಗೋ ಅಕ್ಕನಿಗೋ ಹೀಗಾಗಿದ್ದವರಿಗೆ ಅಪಾಯ ಹೆಚ್ಚು. ಸೋಂಕು, ಥೈರಾಯ್ಡ್ ತೊಂದರೆ ಕೂಡ ಇದೇ ವೇಷದಲ್ಲಿ ಬರಬಹುದಾದ್ದರಿಂದ ರಕ್ತಪರೀಕ್ಷೆ ಬೇಕು. ಕಾರಣಗಳ ಈ ಪಟ್ಟಿಯಲ್ಲಿ ತಪ್ಪು ಮಾಡಿದವರು ಒಬ್ಬರೂ ಇಲ್ಲ. ತಾಯಿಗೂ ಮಗುವಿಗೂ ಜೀವಾಪಾಯವಿರುವ ತುರ್ತು ಕಾಯಿಲೆ ಇದು. ಆದರೆ ಚಿಕಿತ್ಸೆಗೆ ಇಷ್ಟು ಚೆನ್ನಾಗಿ ಬಗ್ಗುವ ತೀವ್ರ ಮನೋರೋಗಗಳೂ ಕಡಿಮೆಯೇ. ಬಹುಪಾಲು ತಾಯಂದಿರು ಕೆಲವು ವಾರ, ತಿಂಗಳುಗಳಲ್ಲಿ ಮೊದಲಿನಂತಾಗುತ್ತಾರೆ. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವ ಇರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡು ಇದೆ.

ಬೌದ್ಧ ಕಥೆಗಳಲ್ಲಿ ಒಬ್ಬ ಬಾಣಂತಿ ಬರುತ್ತಾಳೆ, ಶ್ರಾವಸ್ತಿಯ ಪಟಾಚಾರಾ. ಕಿಸಾ ಗೋತಮಿಯ ಸಾಸಿವೆ ನಮಗೆಲ್ಲ ಗೊತ್ತು, ಪಟಾಚಾರಾಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಎರಡನೆಯ ಹೆರಿಗೆಗೆ ತವರಿಗೆ ಹೊರಟವಳು ಬಿರುಮಳೆಯಲ್ಲಿ ದಾರಿಯಲ್ಲೇ ಹೆತ್ತಳು. ಮರೆ ಕಟ್ಟಲು ಕೊಂಬೆ ಕಡಿಯಹೋದ ಗಂಡ ಹಾವು ಕಚ್ಚಿ ಸತ್ತ. ಮರುದಿನ ಹೊಳೆ ದಾಟುವಾಗ ಹಸುಗೂಸನ್ನು ಗಿಡುಗ ಒಯ್ದಿತು, ಅದನ್ನು ಓಡಿಸಲು ಅವಳು ಕೂಗಿ ಕೈಬೀಸಿದ್ದನ್ನು ಕಂಡು ಅಮ್ಮ ಕರೆದಳೆಂದು ದೊಡ್ಡ ಮಗ ನೀರಿಗಿಳಿದ. ತವರಿನ ದಿಕ್ಕಿಗೆ ನಡೆದರೆ ಅಲ್ಲಿ ಮನೆ ಕುಸಿದು ಎಲ್ಲರೂ ಹೋಗಿದ್ದರು. ಮೈಮೇಲಿನ ಬಟ್ಟೆ ಜಾರಿದ್ದೂ ತಿಳಿಯದೆ ಅಲೆದಳು. ಊರವರು ಹುಚ್ಚಿ ಎಂದು ಮಣ್ಣೆರಚಿದರು. ಬುದ್ಧ ಅವಳನ್ನು ತಡೆಯುವವರನ್ನು ತಡೆದ, ತಂಗಿಯೆಂದು ಕರೆದು ಎಚ್ಚರ ತಂದುಕೋ ಎಂದ. ಅಲ್ಲಿದ್ದವನೊಬ್ಬ ಮೇಲುಹೊದಿಕೆ ಎಸೆದ. ಅವಳು ಉಟ್ಟುಕೊಂಡಳು. ಉಪದೇಶ ಬಂದದ್ದು ಆಮೇಲೆ. ಈ ಅನುಕ್ರಮ ನನಗೆ ಬಹಳ ಮುಖ್ಯ. ಪೂರ್ವಜನ್ಮದ ಕರ್ಮದ ಮಾತು ಆ ಕಥೆಯಲ್ಲೂ ಮುಂದೆ ಬರುತ್ತದೆ, ಆದರೆ ಮೊದಲ ಮಾತಾಗಿ ಅಲ್ಲ.

ಬೌದ್ಧ ವಿಷಯ ಬಂದೊಡನೆ ಧ್ಯಾನದ ಮಾತೂ ಬರುತ್ತದೆ. 1979ರಲ್ಲಿ ಜಾನ್ ಕಬಾಟ್-ಝಿನ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಅದನ್ನು ಒತ್ತಡ ನಿವಾರಣೆಯ ಕ್ರಮವಾಗಿ ರೂಪಿಸಿದರು. ಪದೇಪದೇ ಖಿನ್ನತೆ ಬರುವವರಲ್ಲಿ ಅದರ ಇನ್ನೊಂದು ರೂಪ ಮರುಕಳಿಕೆಯನ್ನು ತಗ್ಗಿಸುತ್ತದೆ ಎಂಬುದಕ್ಕೆ ಆಧಾರವೂ ಇದೆ. ಆದರೆ ಸನ್ನಿಯಲ್ಲಿರುವವರನ್ನು ಕಣ್ಣು ಮುಚ್ಚಿಸಿ ಕೂರಿಸುವುದು ಚಿಕಿತ್ಸೆಯಲ್ಲ. ವಾರಾಂತ್ಯದ ಶಿಬಿರಗಳು ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಒಳ್ಳೆಯದು.

ಹಳ್ಳಿಯ ವೈದ್ಯರೇ ಮನೋರೋಗಕ್ಕೆ ಮದ್ದು ಕೊಡಬಹುದು ಎಂಬುದನ್ನು ದೇಶಕ್ಕೆ ತೋರಿಸಿದ್ದು ನಮ್ಮ ರಾಜ್ಯವೇ. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ 1970ರ ದಶಕದಲ್ಲಿ ನಿಮ್ಹಾನ್ಸ್ ಇದನ್ನು ಶುರು ಮಾಡಿತು, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡದಾಗಿ ನಡೆಸಿ ನೋಡಿತು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಚನ್ನಪಟ್ಟಣದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲೇ ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಾರು ಪುಸ್ತಕ ಬರೆದರು. ಇಷ್ಟೆಲ್ಲ ಆದರೂ 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ಕಾಯಿಲೆಗೆ ತಕ್ಕಂತೆ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಬಾಣಂತಿಯ ಮಟ್ಟಿಗೆ ಈ ಅಂತರ ತುಂಬಲು ಹೊಸ ಯೋಜನೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಸನ್ನಿ ತಲೆಯೆತ್ತುವ ಎರಡು ವಾರದೊಳಗೇ ಮೂರು ಭೇಟಿ! ಅವಳು ಮಗುವಿನ ತೂಕ, ಮೈಬಿಸಿ ನೋಡುತ್ತಾಳೆ, ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾಳೆ. ಅದರ ಜೊತೆಗೆ, ಕೋಣೆಯಿಂದ ಹಿರಿಯರನ್ನು ಒಂದು ಗಳಿಗೆ ಆಚೆ ಕಳಿಸಿ ಇನ್ನೊಂದು ಪ್ರಶ್ನೆ ಕೇಳಬಹುದು: ‘ಮಗು ಮಲಗಿದಾಗ ನಿಂಗೆ ನಿದ್ದೆ ಬರುತ್ತೇನವ್ವಾ?’ ಎರಡು ರಾತ್ರಿಯಿಂದ ಇಲ್ಲ ಎಂದರೆ, ಮಾತು ಹಾದಿ ತಪ್ಪಿದಂತೆ ಕಂಡರೆ, ಅವತ್ತೇ ವೈದ್ಯರ ಬಳಿಗೆ ಹೊರಡಬೇಕು. ಯಾರನ್ನು ಕೇಳುವುದೆಂದು ತೋಚದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೊರಡುವಾಗ ಮಗುವನ್ನು ಬಿಟ್ಟು ಹೋಗಬೇಡಿ, ಹಾಲುಣಿಸುವಾಗ ಕೊಡಬಹುದಾದ ಮಾತ್ರೆಗಳಿವೆ. ತಾಯತ ಕಟ್ಟಲೇಬೇಕೆಂದು ಅಜ್ಜಿ ಹಟ ಹಿಡಿದರೆ ಕಟ್ಟಿಕೊಂಡೇ ಗಾಡಿ ಹತ್ತಿ, ಅದರಿಂದ ಮಾತ್ರೆಗೆ ತೊಂದರೆಯಿಲ್ಲ.