ಅನುಭವ ಎಲ್ಲಿಂದ ತರೋದು ಸ್ವಾಮಿ?

ರಾಜರಾಜೇಶ್ವರಿನಗರದಲ್ಲಿ ಕಾಲೇಜು ಮುಗಿಸಿದ ಹುಡುಗ-ಹುಡುಗಿಯರಲ್ಲಿ ಕೆಲವರಿಗೆ ಈಗ ಯು.ಎಕ್ಸ್. ಡಿಸೈನರ್ ಕೆಲಸವೇ ಬೇಕಂತೆ. ‘ಅದೇನಯ್ಯಾ ಅದು?’ ಅಂತ ಅಪ್ಪಂದಿರು ಕೇಳುತ್ತಾರೆ. ಅಂಗಡಿಯವರಿಗೆ ಹೇಳುವುದು ಸುಲಭ. ಗಿರಾಕಿ ಫೋನಿನಲ್ಲಿ ದುಡ್ಡು ಹಾಕಿದೊಡನೆ ಗಲ್ಲಾ ಪಕ್ಕದ ಪೆಟ್ಟಿಗೆ ಕೂಗುತ್ತದಲ್ಲ? ತೂಕ ಮಾಡುತ್ತಿರುವವರು ಫೋನ್ ತೆಗೆದು ನೋಡಲಾರರು, ಕಿವಿಗೆ ಬಿದ್ದರೆ ಸಾಕು. ಬಳಸುವವರ ಕಷ್ಟವನ್ನು ಹೀಗೆ ಮೊದಲೇ ಯೋಚಿಸುವುದೇ ಈ ಕಸುಬು.

2023ರ ಅಕ್ಟೋಬರ್‌ನಿಂದ ಇಲ್ಲಿ ಮೆಟ್ರೊ ಹತ್ತಿದರೆ ಸೀದಾ ವೈಟ್‌ಫೀಲ್ಡ್. ದಾರಿ ಸಲೀಸಾಯಿತು, ಕೆಲಸ ಆಗಲಿಲ್ಲ. ‘ಎರಡು ವರ್ಷ ಅನುಭವ ಇದೆಯೇ?’ ಮೊದಲ ಕೆಲಸಕ್ಕೇ ಈ ಪ್ರಶ್ನೆ! ಕೋರ್ಸಿನ ಸರ್ಟಿಫಿಕೇಟು ಎಲ್ಲರ ಕೈಯಲ್ಲೂ ಇದೆ. ಹೆಸರಾದ ಊಟದ ಆ್ಯಪ್‌ಗೆ ಹೊಸ ಬಣ್ಣ ಬಳಿದ ಚಿತ್ರಗಳೂ ಎಲ್ಲರ ಬಳಿ ಇವೆ. ಸಂದರ್ಶನದಲ್ಲಿ ಕೇಳುವುದೇ ಬೇರೆ: ಯಾರನ್ನು ಮಾತಾಡಿಸಿದೆ? ಅವರು ಎಲ್ಲಿ ತಡವರಿಸಿದರು? ನೀನೇನು ಬದಲಾಯಿಸಿದೆ?

ಇದಕ್ಕೆ ಉತ್ತರ ಹುಡುಕಲು ವೈಟ್‌ಫೀಲ್ಡ್‌ವರೆಗೆ ಹೋಗಬೇಕಿಲ್ಲ, ನಮ್ಮ ಆರ್ಚ್ ಬಳಿಯ ಬಸ್ ಸ್ಟಾಪೇ ಸಾಕು. ಬಿಎಂಟಿಸಿ ಆ್ಯಪ್ ತೆರೆದು ಬಸ್ಸು ಹುಡುಕುವ ಹಿರಿಯರ ಪಕ್ಕ ಅರ್ಧ ಗಂಟೆ ನಿಂತು ನೋಡಲಿ. ಐದು ಜನ ಬಳಸುವುದನ್ನು ಗಮನಿಸಿದರೆ ದೊಡ್ಡ ತೊಡಕುಗಳೆಲ್ಲ ಹೆಚ್ಚುಕಡಿಮೆ ಸಿಕ್ಕಿಬೀಳುತ್ತವೆ ಎಂಬುದು ಈ ಕಸುಬಿನವರ ಹಳೇ ಲೆಕ್ಕ. ಅದನ್ನು ಬರೆದಿಟ್ಟು, ಸರಿಪಡಿಸಿ, ಮತ್ತೆ ಅದೇ ಜನಕ್ಕೆ ತೋರಿಸಿದರೆ ಹೇಳಿಕೊಳ್ಳಲು ಒಂದು ಕೆಲಸವಾದರೂ ಆಯಿತು.

ನಾಳೆ ಯಾವಳಾದರೂ ಹುಡುಗಿ ನೋಟ್‌ಬುಕ್ ಹಿಡಿದು ಬಂದು, ‘ಅಂಕಲ್, ಈ ಮೆಷಿನ್ನಲ್ಲಿ ನಿಮಗೇನು ತೊಂದರೆ?’ ಎಂದರೆ, ಏನೋ ಮಾರೋಕೆ ಬಂದವಳು ಅಂತ ಸಾಗಹಾಕಬೇಡಿ. ಗಿರಾಕಿ ಇಲ್ಲದ ಹೊತ್ತಲ್ಲಿ ಹತ್ತು ನಿಮಿಷ ಕೂರಿಸಿ, ಇದ್ದದ್ದು ಇದ್ದ ಹಾಗೆ ಹೇಳಿ.